ಜೇಮ್ಸ್ ಬ್ರೇಡ್‌ವುಡ್: ಅಗ್ನಿಶಾಮಕ ಸೇವೆಯ ಚರಿತ್ರೆಯಲ್ಲೊಂದು ಅಧ್ಯಾಯ

ಹತ್ತೊಂಬತ್ತನೆಯ ಶತಮಾನದ ನಗರಗಳ ಚರಿತ್ರೆಯನ್ನು ಬರೆದವರು ಒಳಚರಂಡಿ, ನೀರಿನ ಸರಬರಾಯಿ, ಪೊಲೀಸು ವ್ಯವಸ್ಥೆ ಮೊದಲಾದವುಗಳಿಗೆ ಕೊಟ್ಟಷ್ಟು ಸ್ಥಳವನ್ನು ಅಗ್ನಿಶಾಮಕ ಸೇವೆಗೆ ಕೊಟ್ಟಿಲ್ಲ. ಬೆಂಕಿಯಿಂದ ಊರನ್ನು ಕಾಯುವ ಹೊಣೆ ಯಾರದು, ಆಸ್ತಿವಂತನದೋ, ವಿಮಾ ಕಂಪನಿಯದೋ, ಸರ್ಕಾರದ್ದೋ ಎಂಬ ಪ್ರಶ್ನೆ ಆ ಶತಮಾನದ ಮೊದಲರ್ಧದಲ್ಲಿ ಬಗೆಹರಿದಿರಲಿಲ್ಲ. ಆ ಪ್ರಶ್ನೆ ಬಗೆಹರಿದದ್ದು ಒಬ್ಬ ವ್ಯಕ್ತಿಯ ಜೀವಿತದೊಡನೆ, ಅದಕ್ಕಿಂತಲೂ ಹೆಚ್ಚಾಗಿ ಅವನ ಮರಣದೊಡನೆ, ಹೆಣೆದುಕೊಂಡಿದೆ. ಆತನೇ ಸ್ಕಾಟ್ಲೆಂಡಿನ ಜೇಮ್ಸ್ ಬ್ರೇಡ್‌ವುಡ್.

ಈತನು 1800ರಲ್ಲಿ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ಮರಗೆಲಸದ ಉದ್ಯಮಿ. ಮಗನು ಅಲ್ಲಿಯ ಹೈಸ್ಕೂಲಿನಲ್ಲಿ ಓದಿ, ಮನೆಗಳ ಅಳತೆ ಮತ್ತು ನಿರ್ಮಾಣದ ಕೆಲಸವನ್ನು ಕಲಿತನು. ಕಟ್ಟಡವೊಂದು ಹೇಗೆ ನಿಲ್ಲುತ್ತದೆ ಎಂಬುದನ್ನು ಬಲ್ಲವನಿಗೆ ಅದು ಹೇಗೆ ಬೀಳುತ್ತದೆ ಎಂಬುದೂ ತಿಳಿದಿರುತ್ತದೆ. ಮುಂದೆ ಆತನು ಬರೆದ ಪ್ರತಿಯೊಂದು ಪುಟದಲ್ಲಿಯೂ ಈ ತಿಳಿವಳಿಕೆಯ ಗುರುತು ಕಾಣುತ್ತದೆ.

1824ರಲ್ಲಿ ಎಡಿನ್‌ಬರೋ ನಗರದ ಆಡಳಿತವೂ ವಿಮಾ ಕಂಪನಿಗಳೂ ಕೂಡಿ, ಅದುವರೆಗೆ ಚದುರಿ ಹೋಗಿದ್ದ ಅಗ್ನಿಯಂತ್ರಗಳನ್ನು ಒಂದೇ ಅಧಿಕಾರಿಯ ಕೈಗೆ ಒಪ್ಪಿಸಲು ನಿಶ್ಚಯಿಸಿದವು. ಆ ಹುದ್ದೆಗೆ ನೇಮಕವಾದ ಬ್ರೇಡ್‌ವುಡ್ಡನಿಗೆ ಆಗ ವಯಸ್ಸು ಇಪ್ಪತ್ತನಾಲ್ಕು. ನೇಮಕವಾಗಿ ಕೆಲವೇ ವಾರಗಳು ಕಳೆದಿದ್ದವು. ಪಡೆಗೆ ಇನ್ನೂ ಸರಿಯಾದ ಶಿಕ್ಷಣವೇ ದೊರೆತಿರಲಿಲ್ಲ. ಆಗಲೇ ನವೆಂಬರ್ 15ರ ರಾತ್ರಿ ಹೈ ಸ್ಟ್ರೀಟಿನ ಹತ್ತಿರದ ಇಕ್ಕಟ್ಟಾದ ಓಣಿಯೊಂದರಲ್ಲಿ, ತಾಮ್ರದ ಫಲಕ ಕೊರೆಯುವವನೊಬ್ಬನ ಕಾರ್ಖಾನೆಯಲ್ಲಿ ಬೆಂಕಿ ಹತ್ತಿತು. ಅನೇಕ ಅಂತಸ್ತುಗಳ ಹಳೆಯ ಮನೆಗಳು ಒಂದಕ್ಕೊಂದು ಒತ್ತಿ ನಿಂತಿದ್ದ ಪ್ರದೇಶವದು. ಮರುದಿನ ಟ್ರಾನ್ ಚರ್ಚಿನ ಗೋಪುರವೂ ಹೊತ್ತಿ ಉರುಳಿತು. ನೂರಾರು ಕುಟುಂಬಗಳು ನಿರ್ವಸಿತವಾದವು.

ಈ ಅನಾಹುತದಲ್ಲಿ ಜನರು ಮೊದಲು ದೂರಿದ್ದು ಹೊಸ ಪಡೆಯನ್ನು. ಆದರೆ ವಿಚಾರಣೆ ನಡೆದಾಗ ಹೊರಬಿದ್ದ ಸಂಗತಿ ಬೇರೆ. ಬೆಂಕಿಯ ಸ್ಥಳಕ್ಕೆ ಬಂದ ನ್ಯಾಯಾಧಿಕಾರಿಗಳು, ನಗರಸಭೆಯ ಗಣ್ಯರು, ಪೊಲೀಸು ಅಧಿಕಾರಿಗಳು ಎಲ್ಲರೂ ಯಂತ್ರದವರಿಗೆ ತಮಗೆ ತೋಚಿದ ಅಪ್ಪಣೆಗಳನ್ನು ಕೊಟ್ಟಿದ್ದರು. ಒಬ್ಬನ ಅಪ್ಪಣೆಯನ್ನು ಇನ್ನೊಬ್ಬನ ಅಪ್ಪಣೆ ಅಳಿಸಿಹಾಕಿತ್ತು. ಕಿರಿಯ ವಯಸ್ಸಿನ ಅಧಿಕಾರಿಯ ಮಾತನ್ನು ಆ ಗದ್ದಲದಲ್ಲಿ ಕೇಳುವವರು ಯಾರು? ಇದರ ಫಲವಾಗಿ, ಬೆಂಕಿಯ ಸ್ಥಳದಲ್ಲಿ ಅಗ್ನಿಶಾಮಕ ನಾಯಕನ ಆಜ್ಞೆಯೊಂದೇ ನಡೆಯತಕ್ಕದ್ದು ಎಂಬ ನಿಯಮ ಸ್ಥಿರವಾಯಿತು. ಇಂದು ಸ್ವತಸ್ಸಿದ್ಧವೆಂದು ನಾವು ಭಾವಿಸುವ ಈ ತತ್ತ್ವಕ್ಕೆ ಒಂದು ನಗರದ ಹೃದಯಭಾಗವೇ ಬೆಲೆಯಾಗಿ ತೆರಬೇಕಾಯಿತು.

ಮುಂದಿನ ಎಂಟು ವರ್ಷಗಳು ಬ್ರೇಡ್‌ವುಡ್ಡನ ಜೀವನದಲ್ಲಿ ಅತ್ಯಂತ ಫಲವತ್ತಾದ ಕಾಲವೆಂದು ನನ್ನ ಅಭಿಪ್ರಾಯ. ಲಂಡನ್ನಿನ ಕೀರ್ತಿಯೆಲ್ಲ ಇಲ್ಲಿ ಬಿತ್ತಿದ ಬೆಳೆ. ಆತನು ತನ್ನ ಪಡೆಗೆ ಆರಿಸಿಕೊಂಡವರು ಬಡಗಿಗಳು, ಕಮ್ಮಾರರು, ಕಲ್ಲುಕುಟಿಗರು, ಕೊಳಾಯಿ ಕೆಲಸದವರು, ಮಾಡಿಗೆ ಕಲ್ಲುಹಲಗೆ ಹೊದಿಸುವವರು. ಆಯ್ಕೆಗೆ ಆತನು ಕೊಟ್ಟ ಕಾರಣಗಳು ಸರಳವಾದವು. ಹಲಗೆ ಹೊದಿಸುವವನಿಗೆ ಎತ್ತರದ ಭಯವಿಲ್ಲ. ಬಡಗಿಗೂ ಕಲ್ಲುಕುಟಿಗನಿಗೂ ಗೋಡೆಯ, ತೊಲೆಯ ಮರ್ಮ ಗೊತ್ತು. ಕಮ್ಮಾರನು ಕಾವನ್ನು ತಾಳಬಲ್ಲನು. ವಯಸ್ಸು ಹದಿನೇಳರಿಂದ ಇಪ್ಪತ್ತೈದರೊಳಗಿನವರನ್ನೇ ಆತನು ಬಯಸುತ್ತಿದ್ದನು. ಊರು ಇನ್ನೂ ಮಲಗಿರುವ ಬೆಳಗಿನ ಜಾವದಲ್ಲಿ ಅಭ್ಯಾಸ ನಡೆಯುತ್ತಿತ್ತು. ಬೆಂಕಿ ಬೀಳುವುದು ಹೆಚ್ಚಾಗಿ ರಾತ್ರಿಯ ಹೊತ್ತು; ಆದುದರಿಂದ ಕತ್ತಲಲ್ಲಿ ಕೈಗೆ ಕೆಲಸ ಕಲಿಸಬೇಕು ಎಂಬುದು ಆತನ ವಾದ.

ಆತನ ಕಾರ್ಯವಿಧಾನದ ತಿರುಳು ಇನ್ನೊಂದಿದೆ. ಅದುವರೆಗಿನ ರೂಢಿಯಂತೆ ಯಂತ್ರದವರು ಬೀದಿಯಲ್ಲಿ ನಿಂತು, ಕಿಟಕಿಯೊಳಕ್ಕೆ ಹೊಗೆಯ ಮೇಲೆ ನೀರು ಹಾರಿಸುತ್ತಿದ್ದರು. ನೀರು ಬೆಂಕಿಯನ್ನು ಮುಟ್ಟುತ್ತಲೇ ಇರಲಿಲ್ಲ. ಬ್ರೇಡ್‌ವುಡ್ ತನ್ನವರನ್ನು ಮನೆಯೊಳಕ್ಕೆ ನುಗ್ಗಿಸಿದನು. ಹೊಗೆ ಮೇಲಕ್ಕೇರುವುದರಿಂದ ನೆಲದ ಹತ್ತಿರ ಉಸಿರಾಡಲು ಗಾಳಿ ಉಳಿದಿರುತ್ತದೆ. ತೆವಳಿಕೊಂಡು ಹೋಗಿ ಉರಿಯುವ ವಸ್ತುವಿನ ಮೇಲೆಯೇ ಕೊಳವೆಯ ಮೂತಿಯನ್ನು ತಿರುಗಿಸಬೇಕು. ಗಾಳಿಯ ಸಂಚಾರವನ್ನು ತಡೆಯಲು ಬಾಗಿಲು ಕಿಟಕಿಗಳನ್ನು ಮುಚ್ಚಿಡಬೇಕು. ಈ ಅನುಭವಗಳನ್ನೆಲ್ಲ ಕ್ರೋಡೀಕರಿಸಿ 1830ರಲ್ಲಿ ಆತನು ಪ್ರಕಟಿಸಿದ ಗ್ರಂಥವು, ಅಗ್ನಿಯಂತ್ರಗಳ ರಚನೆ, ಪಡೆಯ ಶಿಕ್ಷಣ, ಬೆಂಕಿಯೊಡನೆ ಹೋರಾಡುವ ಕ್ರಮ ಇವುಗಳನ್ನು ಇಂಗ್ಲಿಷಿನಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದ ಮೊದಮೊದಲ ಪುಸ್ತಕಗಳಲ್ಲಿ ಒಂದು.

ಈ ಪುಸ್ತಕದ ಖ್ಯಾತಿಯೇ ಆತನನ್ನು ಲಂಡನ್ನಿಗೆ ಕರೆಯಿಸಿತೆನ್ನಬಹುದು. ಅಲ್ಲಿ ಹತ್ತು ವಿಮಾ ಕಂಪನಿಗಳು ತಮ್ಮ ತಮ್ಮ ಪಡೆಗಳನ್ನು ಒಟ್ಟುಗೂಡಿಸಿ ಸ್ಥಾಪಿಸಿದ ಸಂಸ್ಥೆಗೆ 1833ರ ಜನವರಿಯಿಂದ ಆತನು ಮುಖ್ಯಾಧಿಕಾರಿಯಾದನು. ಆತನ ಕೈಯಲ್ಲಿದ್ದ ಪೂರ್ಣಾವಧಿಯ ಸಿಬ್ಬಂದಿ ಸುಮಾರು ಎಂಬತ್ತು ಜನ. ಇಲ್ಲಿ ಆತನು ನಾವಿಕರನ್ನು ಆರಿಸಿಕೊಂಡನು. ಹಗಲೂ ರಾತ್ರಿಯೂ ಕಾವಲಿರುವುದೂ ಅಪ್ಪಣೆಗೆ ತಲೆಬಾಗುವುದೂ ಅವರಿಗೆ ಅಭ್ಯಾಸವಾಗಿದ್ದವು. ಜನರು ಈ ಪಡೆಯವರನ್ನು ನಾಯಕನ ಹೆಸರಿನಿಂದಲೇ 'ಜಿಮ್ಮಿ ಬ್ರೇಡರ್ಸ್' ಎಂದು ಕರೆಯತೊಡಗಿದರು. ಪಂಪನ್ನು ಒತ್ತಲು ಮಾತ್ರ ಬೀದಿಯ ಜನರನ್ನೇ ಕೂಲಿಗೆ ಹಿಡಿಯಬೇಕಾಗಿತ್ತು: ಮೊದಲ ಗಂಟೆಗೆ ಒಂದು ಷಿಲಿಂಗ್, ಆಮೇಲೆ ಗಂಟೆಗೆ ಆರು ಪೆನ್ಸ್, ಜೊತೆಗೆ ಬಿಯರು.

ಈ ಸಂಸ್ಥೆಯ ಸ್ವರೂಪದಲ್ಲಿದ್ದ ವಿರೋಧವನ್ನು ಇಲ್ಲಿ ಗಮನಿಸಬೇಕು. ಪಡೆಗೆ ಸಂಬಳ ಕೊಡುತ್ತಿದ್ದವರು ವಿಮಾ ಕಂಪನಿಗಳು. ಅವುಗಳಿಗೆ ಬೇಕಾಗಿದ್ದದ್ದು ವಿಮೆ ಮಾಡಿಸಿದ ಆಸ್ತಿಯ ರಕ್ಷಣೆ. ಜನರ ಪ್ರಾಣರಕ್ಷಣೆಗಾಗಿ ಏಣಿಗಳನ್ನಿಟ್ಟು ಕಾಯುತ್ತಿದ್ದುದು ಚಂದಾಹಣದಿಂದ ನಡೆಯುತ್ತಿದ್ದ ಬೇರೊಂದು ಸಂಘ. 1774ರ ಶಾಸನದಂತೆ ಪ್ರತಿ ಪ್ಯಾರಿಷ್ ಯಂತ್ರವನ್ನಿಡಬೇಕಾಗಿದ್ದರೂ ಅವುಗಳಲ್ಲಿ ಬಹಳಷ್ಟು ಹೆಸರಿಗೆ ಮಾತ್ರ ಇದ್ದವು. 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟು ಭವನವೇ ಹೊತ್ತಿಕೊಂಡಾಗ ಈ ವಿರೋಧ ಎದ್ದು ಕಂಡಿತು. ಆ ಭವನಕ್ಕೆ ವಿಮೆ ಇರಲಿಲ್ಲ. ಬ್ರೇಡ್‌ವುಡ್ಡನಿಗೆ ಅಲ್ಲಿಗೆ ಹೋಗಬೇಕಾದ ಕರ್ತವ್ಯವೂ ಇರಲಿಲ್ಲ. ಆದರೂ ಆತನು ಹನ್ನೆರಡು ಯಂತ್ರಗಳೊಡನೆ ಧಾವಿಸಿದನು. ಎರಡು ಸಭಾಗೃಹಗಳೂ ನಾಶವಾದವು. ಪ್ರಾಚೀನವಾದ ವೆಸ್ಟ್‌ಮಿನ್‌ಸ್ಟರ್ ಹಾಲ್ ಮಾತ್ರ ಉಳಿಯಿತು. ತನ್ನ ಮನೆಯನ್ನೇ ಕಳೆದುಕೊಂಡ ಪಾರ್ಲಿಮೆಂಟು ಆಮೇಲೂ ಮೂರು ದಶಕಗಳ ಕಾಲ ಹೊಣೆಯನ್ನು ವಿಮಾ ಕಂಪನಿಗಳ ಮೇಲೆಯೇ ಬಿಟ್ಟು ಸುಮ್ಮನಿದ್ದಿತು!

ಬ್ರೇಡ್‌ವುಡ್ ತಪ್ಪೇ ಮಾಡದವನೆಂದು ಹೇಳುವಂತಿಲ್ಲ. 1829ರಲ್ಲಿಯೇ ಲಂಡನ್ನಿನಲ್ಲಿ ತಯಾರಾಗಿದ್ದ ಉಗಿಯಂತ್ರದ ಪಂಪನ್ನು ಆತನು ಬಹುಕಾಲ ದೂರವಿಟ್ಟನು. ದೂರದಿಂದ ನೀರು ಹಾರಿಸುವ ಸಾಮರ್ಥ್ಯ ಬಂದರೆ ತನ್ನವರು ಮತ್ತೆ ಬೀದಿಯಲ್ಲಿಯೇ ನಿಂತುಬಿಡುತ್ತಾರೆ ಎಂಬುದು ಆತನ ಅಳುಕು. ಅದರಲ್ಲಿ ಸತ್ಯಾಂಶವಿದ್ದರೂ, ನೆಲದ ಮೇಲೆ ಓಡುವ ಉಗಿಯಂತ್ರವೊಂದನ್ನು ಬಾಡಿಗೆಗೆ ಪಡೆಯಲು 1860ರವರೆಗೆ ಕಾಯಬೇಕಾಗಿರಲಿಲ್ಲ.

ಆದರೆ ಉಗ್ರಾಣಗಳ ವಿಷಯದಲ್ಲಿ ಆತನ ದೃಷ್ಟಿ ಎಲ್ಲರಿಗಿಂತ ಮುಂದೆ ಹೋಗಿತ್ತು. ಅಡ್ಡಗೋಡೆಗಳಿಲ್ಲದ ಬೃಹತ್ ಉಗ್ರಾಣಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಅದನ್ನು ಆರಿಸುವ ಶಕ್ತಿ ಯಾವ ಪಡೆಗೂ ಇಲ್ಲವೆಂದು ಆತನು ಮತ್ತೆ ಮತ್ತೆ ಎಚ್ಚರಿಸಿದನು. 1849ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಓದಿದ ಪ್ರಬಂಧದಲ್ಲಿ, 'ಅಗ್ನಿನಿರೋಧಕ'ವೆಂದು ಹೊಗಳಿಸಿಕೊಳ್ಳುತ್ತಿದ್ದ ಎರಕದ ಕಬ್ಬಿಣದ ಕಂಬ ತೊಲೆಗಳು ಕಾದಾಗ ಹೇಗೆ ಕೈಕೊಡುತ್ತವೆಂಬುದನ್ನು ವಿವರಿಸಿದನು. 1855ರ ಕಟ್ಟಡ ಶಾಸನವು ಉಗ್ರಾಣಗಳ ಒಂದೊಂದು ಭಾಗಕ್ಕೆ 2,16,000 ಘನ ಅಡಿಗಳ ಮಿತಿಯನ್ನು ವಿಧಿಸಿತಾದರೂ ಥೇಮ್ಸ್ ನದಿಯ ದಂಡೆಯಲ್ಲಿ ಅಪಾಯ ತಪ್ಪಲಿಲ್ಲ.

1861ರ ಜೂನ್ 22ನೆಯ ಶನಿವಾರ ಸಂಜೆ ಟೂಲಿ ಸ್ಟ್ರೀಟಿನ ಕಾಟನ್ಸ್ ವಾರ್ಫ್ ಎಂಬ ಹಡಗುಕಟ್ಟೆಯ ಉಗ್ರಾಣದಲ್ಲಿ ಹೊಗೆ ಕಾಣಿಸಿತು. ಅಲ್ಲಿ ಸೆಣಬು, ಹತ್ತಿ, ಸಕ್ಕರೆ, ಪ್ರಾಣಿಕೊಬ್ಬು, ಪೆಟ್ಲುಪ್ಪು ತುಂಬಿದ್ದವು. ಸಾಮ್ರಾಜ್ಯದ ವ್ಯಾಪಾರವೆಲ್ಲ ರಾಶಿಬಿದ್ದಿದ್ದಂತೆ. ಉಗ್ರಾಣಗಳ ನಡುವಣ ಕಬ್ಬಿಣದ ಬಾಗಿಲುಗಳನ್ನು ತೆರೆದೇ ಬಿಟ್ಟಿದ್ದರು. ನದಿಯಲ್ಲಿ ಇಳಿತದ ಹೊತ್ತು. ತೇಲುಯಂತ್ರಗಳು ದಂಡೆಗೆ ಸಮೀಪಿಸಲಾರದೆ ಹೋದವು. ಬ್ರೇಡ್‌ವುಡ್ ಸಾಲಿನಿಂದ ಸಾಲಿಗೆ ಹೋಗಿ, ದಣಿದ ತನ್ನವರಿಗೆ ಬ್ರಾಂದಿಯನ್ನು ಹಂಚುತ್ತ ಧೈರ್ಯ ಹೇಳುತ್ತಿದ್ದನು. ಏಳೂವರೆಯ ಸುಮಾರಿಗೆ ಗೋಡೆಯೊಂದು ಹೊರಕ್ಕೆ ವಾಲಿ ಆತನ ಮೇಲೆ ಕುಸಿಯಿತು. ಅವಶೇಷದಡಿಯಿಂದ ದೇಹವನ್ನು ಹೊರತೆಗೆಯಲು ಎರಡು ದಿನ ಹಿಡಿಯಿತು. ಬೆಂಕಿ ಪೂರ್ತಿ ಆರಲು ಎರಡು ವಾರ.

ಜೂನ್ 29ರಂದು ನಡೆದ ಅಂತ್ಯಯಾತ್ರೆ ಸುಮಾರು ಒಂದೂವರೆ ಮೈಲಿ ಉದ್ದವಿತ್ತು. ಆತನನ್ನು ಅಬ್ನಿ ಪಾರ್ಕ್ ರುದ್ರಭೂಮಿಯಲ್ಲಿ ಮಲಮಗನ ಗೋರಿಯ ಪಕ್ಕದಲ್ಲಿ ಹೂಳಿದರು. ಆ ಮಗನೂ ಅಗ್ನಿಶಾಮಕ ಪಡೆಯವನಾಗಿದ್ದು, ಆರು ವರ್ಷಗಳ ಹಿಂದೆ ಕರ್ತವ್ಯದಲ್ಲಿಯೇ ಸತ್ತಿದ್ದನು.

ಕಂಪನಿಗಳಿಗಾದ ನಷ್ಟ ಸುಮಾರು ಇಪ್ಪತ್ತು ಲಕ್ಷ ಪೌಂಡು. ಅವು ವಿಮೆಯ ದರವನ್ನು ಏರಿಸಿದವು. ನಗರದ ರಕ್ಷಣೆ ಇನ್ನು ತಮ್ಮಿಂದಾಗದೆಂದು ಸರ್ಕಾರಕ್ಕೆ ತಿಳಿಸಿದವು. ನಾಯಕನ ಎಚ್ಚರಿಕೆಗೆ ಕಿವಿಗೊಡದವರು ಲೆಕ್ಕದ ಪುಸ್ತಕಕ್ಕೆ ಕಿವಿಗೊಟ್ಟರೆಂದು ಹೇಳಿದರೆ ಕಠಿಣವಾದೀತೇ? 1865ರಲ್ಲಿ ಶಾಸನವಾಗಿ, 1866ರ ಜನವರಿ 1ರಿಂದ ಮೆಟ್ರೋಪಾಲಿಟನ್ ಫೈರ್ ಬ್ರಿಗೇಡ್ ಎಂಬ ಸಾರ್ವಜನಿಕ ಪಡೆ, ಬ್ರೇಡ್‌ವುಡ್ಡನ ಉತ್ತರಾಧಿಕಾರಿಯಾದ ಮಾಸ್ಸಿ ಷಾನ ನೇತೃತ್ವದಲ್ಲಿ ಕೆಲಸವನ್ನಾರಂಭಿಸಿತು. ಶಾಸನದ ಮಾತುಗಳಲ್ಲಿ ಆಸ್ತಿಗಿಂತ ಮೊದಲು ಪ್ರಾಣರಕ್ಷಣೆಯ ಉಲ್ಲೇಖ ಬಂದಿತು. ಮರುವರ್ಷ ಏಣಿಗಳೂ ಅದೇ ಪಡೆಯ ಸ್ವಾಧೀನಕ್ಕೆ ಬಂದವು. ವಿಮಾ ಕಂಪನಿಗಳು ಮಾತ್ರ ವಿಮೆ ಮಾಡಿಸಿದ ಪ್ರತಿ ಹತ್ತು ಲಕ್ಷ ಪೌಂಡಿಗೆ 35 ಪೌಂಡಿನಂತೆ ವಂತಿಗೆಯನ್ನು ಕೊಡುತ್ತ ಬಂದವು.