ಪ್ರಾಯವೂ ವಿವೇಕವೂ

ಹೆಣ್ಣುಮಗಳು ಪ್ರಾಯಕ್ಕೆ ಬಂದಳೆಂಬುದನ್ನು ಹಿಂದಿನ ಮನೆತನಗಳು ಆಕೆಯ ಮೈಯಿಂದ ಅಳೆಯುತ್ತಿದ್ದುವು. ಸರಕಾರವು ವರ್ಷಗಳಿಂದ ಅಳೆಯಿತು. 1891ರ ಕಾಯಿದೆಯು ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿತು. ಈ ಎರಡು ಅಳತೆಗಳನ್ನೂ ಮೀರಿ, ವಿವೇಕವೇ ಪ್ರೌಢತೆಯ ಗುರುತೆಂದು ಕನ್ನಡದಲ್ಲಿ ತೋರಿಸಿಕೊಟ್ಟುದು ಗುಲ್ವಾಡಿ ವೆಂಕಟರಾಯರ “ಇಂದಿರಾಬಾಯಿ”. ಪೊಲೀಸ್ ಇಲಾಖೆಯ ಅಧಿಕಾರಿಗಳಾಗಿದ್ದ ರಾಯರ ಈ ಕಾದಂಬರಿಯು 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು.

ಇಂದಿರೆಯು ಎಳೆಯ ಪ್ರಾಯದಲ್ಲಿಯೇ ವಿಧವೆಯಾದವಳು. ಹೆತ್ತವರು ಹಣವಂತರು, ಸಂತವೇಷದ ಕಪಟಿಗಳಿಗೆ ಮರುಳಾದವರು. ಆ ಮನೆಯಲ್ಲಿ ತನ್ನ ಶೀಲಕ್ಕೆ ಅಪಾಯವುಂಟೆಂದು ಅರಿತ ಆಕೆಯು ಹೊರಬಿದ್ದು ಅಮೃತರಾಯನ ಆಶ್ರಯವನ್ನು ಸೇರುತ್ತಾಳೆ. ವಿದ್ಯಾವತಿಯಾಗಿ, ವಿಲಾಯಿತಿಯಲ್ಲಿ ಓದಿ ಬಂದ ಭಾಸ್ಕರನನ್ನು ವರಿಸುತ್ತಾಳೆ.

ಜರ್ಮನಿಯ ಗಯಟೆ ಕವಿಯು 1795-96ರಲ್ಲಿ ಪ್ರಕಟಿಸಿದ ವಿಲ್ಹೆಲ್ಮ್ ಮೈಸ್ಟರನ ಕಥೆಯು ಈ ಬಗೆಯ ಕಾದಂಬರಿಗಳಿಗೆ ಮೇಲ್ಪಂಕ್ತಿಯೆನಿಸಿದೆ. ಅದರಲ್ಲಿ ವರ್ತಕನ ಮಗನೊಬ್ಬನು ನಾಟಕದ ಗೀಳು ಹತ್ತಿ ಅಲೆದಾಡಿ, ತಪ್ಪುಗಳನ್ನು ಮಾಡಿ, ತಿದ್ದಿಕೊಂಡು ಪಕ್ವನಾಗುತ್ತಾನೆ. ಇಂದಿರೆಗೆ ಅಂಥ ಅವಕಾಶವೆಲ್ಲಿಯದು? ಒಂದು ಹೆಜ್ಜೆ ತಪ್ಪಿದರೆ ಆಕೆಗೆ ಮರಳುವ ದಾರಿಯೇ ಇರಲಿಲ್ಲ. ಆದುದರಿಂದ ಹೊಸ್ತಿಲು ದಾಟುವ ಮೊದಲೇ ಆಕೆಯು ಪ್ರೌಢೆಯಾಗಬೇಕಾಯಿತು.

ಹಿಂದೂ ವಿಧವೆಯ ಮರುಮದುವೆಗೆ ಕಾಯಿದೆಯ ಸಮ್ಮತಿಯು 1856ರಲ್ಲಿಯೇ ದೊರೆತಿತ್ತು. ಆದರೆ ಅದಾಗಿ 43 ವರ್ಷಗಳ ಮೇಲೆ ಬಂದ ಈ ಕಥೆಯಲ್ಲಿಯೂ, ಇಂದಿರೆಯ ವಿವೇಕವೊಂದೇ ಸಾಲಲಿಲ್ಲ. ಮನೆ ಬಿಟ್ಟು ಬಂದವಳಿಗೆ ಬಾಗಿಲು ತೆರೆಯಲು ಅಮೃತರಾಯನಂಥ ಗೃಹಸ್ಥನೂ ಬೇಕಾದನು. ಒಬ್ಬಳು ಹುಡುಗಿಯು ಪ್ರೌಢೆಯಾಗಬೇಕಾದರೆ ಸುತ್ತಣ ಸಮಾಜದಲ್ಲಿ ಕೆಲವರಾದರೂ ಪ್ರೌಢರಾಗಿರಬೇಕೆಂಬುದನ್ನು ವೆಂಕಟರಾಯರ ಕಥೆಯು ಮರೆಮಾಡಲಿಲ್ಲ.