ಹತ್ತು ಅಡಿಯ ಮನೆ

ಪಟ್ಟಣಗಳು ಬೆಳೆದಂತೆಲ್ಲ ಮನೆಗಳು ಕುಗ್ಗುವುದು ಲೋಕರೂಢಿ. ಆದರೆ ಚಿಕ್ಕ ಮನೆಗಳೆಲ್ಲವೂ ಒಂದೇ ಬಗೆಯವಲ್ಲ. ಬಡತನದಿಂದ ಚಿಕ್ಕದಾದುದು ಒಂದು. ಬಿಚ್ಚಿ ಮತ್ತೆ ಜೋಡಿಸಲು ಅನುಕೂಲವಾಗುವಂತೆ ಬಿಡಿಬಿಡಿ ಅಂಗಗಳಿಂದ ಬುದ್ಧಿಪೂರ್ವಕವಾಗಿ ಅಳೆದು ಮಾಡಿದುದು ಇನ್ನೊಂದು. ಈ ಎರಡನೆಯ ಬಗೆಯ ಮನೆಗೆ ಜಪಾನು ದೇಶದಲ್ಲಿ ಎಂಟುನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಅದರ ಆಚೆಯ ತುದಿಯಲ್ಲಿ ಒಬ್ಬ ಭಿಕ್ಷುವಿನ ಗುಡಿಸಲೂ ಈಚೆಯ ತುದಿಯಲ್ಲಿ ಟೋಕಿಯೋ ನಗರದ ಗೋಪುರವೊಂದೂ ಕಾಣಬರುವುವು.

ಕಾಮೋ ನೋ ಚೋಮೇ ಎಂಬ ಕವಿಯು ಕ್ಯೋಟೋ ರಾಜಧಾನಿಯ ಒಂದು ಅರ್ಚಕಮನೆತನದಲ್ಲಿ ಹುಟ್ಟಿದವನು. ಅವನ ಕಾಲದಲ್ಲಿ ಆ ನಗರಕ್ಕೆ ಬಂದೊದಗಿದ ವಿಪತ್ತುಗಳು ಒಂದೆರಡಲ್ಲ. ೧೧೭೭ರಲ್ಲಿ ಬೆಂಕಿ, ೧೧೮೦ರಲ್ಲಿ ಸುಂಟರಗಾಳಿ, ಆ ಮೇಲೆ ಎರಡು ವರ್ಷಗಳ ಕ್ಷಾಮ, ೧೧೮೫ರಲ್ಲಿ ಭೂಕಂಪ. ೧೧೮೦ರಲ್ಲಿ ರಾಜಧಾನಿಯನ್ನೇ ಬೇರೆಡೆಗೆ ಸಾಗಿಸಿದಾಗ ಜನರು ತಮ್ಮ ಮರದ ಮನೆಗಳನ್ನು ಬಿಚ್ಚಿ ಯೋದೋ ನದಿಯಲ್ಲಿ ತೇಲಿಬಿಟ್ಟು ಕೊಂಡೊಯ್ದರಂತೆ. ಇಕ್ಕಟ್ಟಾದ ಕೇರಿಯಲ್ಲಿ ವಾಸಿಸುವವನು ನೆರೆಮನೆಯ ಬೆಂಕಿಯಿಂದ ತಪ್ಪಿಸಿಕೊಳ್ಳಲಾರನೆಂಬುದನ್ನು ಚೋಮೇ ಕಣ್ಣಾರೆ ಕಂಡು ಬರೆದಿಟ್ಟಿರುವನು. ಅವನ ಮನೆಯೂ ವಯಸ್ಸಿನೊಡನೆ ಕುಗ್ಗುತ್ತ ಬಂದಿತು. ಅಜ್ಜಿಯ ಮನೆಯನ್ನು ಬಿಟ್ಟು, ಮೂವತ್ತು ದಾಟಿದ ಮೇಲೆ ಅದರ ಹತ್ತನೆಯ ಒಂದಂಶದಷ್ಟು ದೊಡ್ಡ ಮನೆಯನ್ನು ಕಟ್ಟಿಕೊಂಡನು. ಅರುವತ್ತರ ಹೊತ್ತಿಗೆ, ಅದರಲ್ಲಿ ನೂರನೆಯ ಒಂದಂಶಕ್ಕೂ ಸಾಲದ ಗುಡಿಸಲನ್ನು ಕಟ್ಟಿದನು.

ಈ ಗುಡಿಸಲಿನ ವಿವರವು ೧೨೧೨ರಲ್ಲಿ ಅವನು ಬರೆದ ‘ಹೋಜೋಕಿ’ ಎಂಬ ಪುಟ್ಟ ಗ್ರಂಥದಲ್ಲಿದೆ. ಉದ್ದಗಲ ಹತ್ತು ಹತ್ತು ಅಡಿ, ಎತ್ತರ ಏಳು ಅಡಿಯೊಳಗೆ. ನೆಲವನ್ನು ಕೊಂಡು ತಳಪಾಯ ತೋಡಿದುದಲ್ಲ. ತೊಲೆಗಳನ್ನು ನೆಲದ ಮೇಲಿಟ್ಟು, ಹಗುರವಾದ ಮಾಡನ್ನು ಹೊದಿಸಿ, ಸಂದುಸಂದಿಗೂ ಕಬ್ಬಿಣದ ಕೊಂಡಿಯನ್ನು ಹಾಕಿದುದು. ಮನಸ್ಸು ಬೇಸತ್ತರೆ ಬಿಚ್ಚಿ ಬೇರೆಡೆಗೆ ಸಾಗಿಸಬಹುದು. ಹೇರಲು ಎರಡು ಬಂಡಿಗಳು ಸಾಕು. ಬಂಡಿಯವರ ಕೂಲಿಯ ಹೊರತು ಬೇರೆ ಖರ್ಚಿಲ್ಲವೆಂದು ಭಿಕ್ಷುವು ಲೆಕ್ಕವನ್ನೂ ಹಾಕಿರುವನು!

ಹತ್ತು ಅಡಿಯೆಂಬ ಈ ಅಳತೆಯ ಮೂಲವು ಭರತಖಂಡದಲ್ಲಿದೆ. ವೈಶಾಲಿಯ ಗೃಹಸ್ಥನಾದ ವಿಮಲಕೀರ್ತಿಯು ಅಸ್ವಸ್ಥನಾಗಿರಲು ಮಂಜುಶ್ರೀ ಬೋಧಿಸತ್ತ್ವನು ದೊಡ್ಡ ಪರಿವಾರದೊಡನೆ ಅವನನ್ನು ನೋಡಲು ಬಂದನು. ಇವರೆಲ್ಲರೂ ಕುಳಿತುಕೊಳ್ಳುವುದೆಲ್ಲಿ ಎಂದು ಶಾರಿಪುತ್ರನು ಚಿಂತಿಸುತ್ತಿರಲು, ಆ ಒಂದೇ ಕೋಣೆಯಲ್ಲಿ ಮೂವತ್ತೆರಡು ಸಾವಿರ ಸಿಂಹಾಸನಗಳು ಇಕ್ಕಟ್ಟಿಲ್ಲದೆ ಹಿಡಿದುವೆಂದು ‘ವಿಮಲಕೀರ್ತಿನಿರ್ದೇಶ’ವು ಹೇಳುತ್ತದೆ. ಚೀನೀಯರೂ ಜಪಾನೀಯರೂ ಆ ಕೋಣೆಯನ್ನು ಹತ್ತು ಅಡಿಯದೆಂದೇ ಎಣಿಸುತ್ತ ಬಂದಿರುವರು. ತನ್ನ ಗುಡಿಸಲು ಆ ಮಹಾತ್ಮನ ಮನೆಯನ್ನು ಅನುಕರಿಸಿ ಕೆಡಿಸಿತೆಂದು ಚೋಮೇ ವಿನಯದಿಂದ ಹೇಳಿಕೊಳ್ಳುತ್ತಾನೆ. ಈ ಸೂತ್ರದ ಸಂಸ್ಕೃತಮೂಲವು ಬಹುಕಾಲ ಲುಪ್ತವಾಗಿದ್ದು, ೧೯೯೯ರಲ್ಲಿ ಲಾಸಾದ ಪೋತಲ ಅರಮನೆಯಲ್ಲಿ ಜಪಾನೀ ವಿದ್ವಾಂಸರಿಗೆ ದೊರೆಯಿತು. ಸಂಸ್ಕೃತಾಭಿಮಾನಿಗಳಿಗೆ ಇದು ಅಲ್ಪ ಸಂತೋಷವಲ್ಲ.

ಬಿಚ್ಚಿ ಕಟ್ಟುವ ಪದ್ಧತಿಗೆ ಆ ದೇಶದಲ್ಲಿ ಇನ್ನೂ ಹಳೆಯ ನಿದರ್ಶನವಿದೆ. ಈಸೆಯ ದೇವಾಲಯವನ್ನು ೬೯೦ರಿಂದ ಮೊದಲ್ಗೊಂಡು ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟುವರು. ನಡುವೆ ಯುದ್ಧಗಳ ಕಾಲದಲ್ಲಿ ನೂರು ವರ್ಷಕ್ಕೂ ಮಿಕ್ಕು ನಿಂತುಹೋಗಿದ್ದರೂ ೨೦೧೩ರಲ್ಲಿ ಅರುವತ್ತೆರಡನೆಯ ಬಾರಿ ನಡೆಯಿತು. ಹಳೆಯ ತೊಲೆಗಳು ಸೌದೆಯಾಗುವುದಿಲ್ಲ. ಬೇರೆ ಗುಡಿಗಳಿಗೂ ಮಹಾದ್ವಾರಗಳಿಗೂ ಸಲ್ಲುವುವು. ನಮ್ಮ ಆಗಮಗಳು ಹೇಳುವ ಜೀರ್ಣೋದ್ಧಾರದಲ್ಲಿ ದೇವರನ್ನು ಬಾಲಾಲಯದಲ್ಲಿರಿಸಿ, ಕೆಲಸ ಮುಗಿದ ಮೇಲೆ ಮತ್ತೆ ಕರೆತರುವರು. ಈಸೆಯಲ್ಲಿ ಹಳೆಯ ಗುಡಿಯಿಂದ ನೇರವಾಗಿ ಹೊಸದಕ್ಕೆ ರಾತ್ರಿಯಲ್ಲಿ ಬಿಜಯಂಗೈಸುವರು.

೧೯೬೦ರಲ್ಲಿ ಟೋಕಿಯೋದಲ್ಲಿ ಕೆಲವು ತರುಣ ವಾಸ್ತುಶಿಲ್ಪಿಗಳು ಸೇರಿ, ಪಟ್ಟಣವೂ ಪ್ರಾಣಿಯ ದೇಹದಂತೆ ಜೀರ್ಣವಾದ ಕಣಗಳನ್ನು ಬಿಟ್ಟು ಹೊಸವನ್ನು ತಾಳಬೇಕೆಂದು ಸಾರಿದರು. ಅವರಲ್ಲಿ ಕಿಶೋ ಕುರೋಕಾವಾ ಎಂಬವರು ೧೯೭೨ರಲ್ಲಿ ಗಿಂಜಾ ಎಂಬ ಕಿಕ್ಕಿರಿದ ಬಡಾವಣೆಯಲ್ಲಿ ನಕಗಿನ್ ಗೋಪುರವನ್ನು ಕಟ್ಟಿ ಮುಗಿಸಿದರು. ಹನ್ನೊಂದೂ ಹದಿಮೂರೂ ಅಂತಸ್ತುಗಳ ಎರಡು ಕಂಬಗಳು. ಅವುಗಳ ಸುತ್ತ ನೂರನಲವತ್ತು ಕೋಣೆಗಳು. ಈ ಕೋಣೆಗೆ ಅವರು ‘ಕ್ಯಾಪ್ಸೂಲ್’ ಎಂದು ಹೆಸರಿಟ್ಟರು. ಕನ್ನಡದಲ್ಲಿ ಕರಡಿಗೆ ಎನ್ನಬಹುದು. ಒಂದೊಂದು ಕರಡಿಗೆಯೂ ಸುಮಾರು ಎಂಟು ಅಡಿ ಅಗಲ, ಹದಿಮೂರು ಅಡಿ ಉದ್ದ. ಅಂದರೆ ಚೋಮೇಯ ಗುಡಿಸಲಿನ ವಿಸ್ತೀರ್ಣವೇ ಹೆಚ್ಚುಕಡಿಮೆ. ಶಿಗಾ ಪ್ರಾಂತದ ಕಾರ್ಖಾನೆಯಲ್ಲಿ ಸಿದ್ಧವಾಗಿ, ಲಾರಿಯಲ್ಲಿ ಬಂದು, ನಾಲ್ಕೇ ಬೋಲ್ಟುಗಳಿಂದ ಕಂಬಕ್ಕೆ ಬಿಗಿಯಲ್ಪಟ್ಟಿತು. ಹಾಸಿಗೆ, ಸ್ನಾನದ ಗೂಡು, ಮಡಿಸುವ ಮೇಜು, ದೂರವಾಣಿ, ದೂರದರ್ಶನ, ತೆರೆಯಲಾಗದ ಒಂದು ದುಂಡು ಕಿಟಕಿ, ಎಲ್ಲವೂ ಅದರೊಳಗೆ. ಅಡುಗೆಯ ಮನೆಯೊಂದಿಲ್ಲ. ದೂರದಲ್ಲಿ ಸಂಸಾರವನ್ನಿಟ್ಟು ನಗರದಲ್ಲಿ ದುಡಿಯುವ ಗಂಡಸರಿಗೆಂದು ಮಾಡಿದುದರಿಂದ ಅದು ಬೇಡವೆನಿಸಿರಬೇಕು. ಒಲೆಯಿಲ್ಲದುದನ್ನು ಮನೆಯೆನ್ನಲು ನಮ್ಮ ಹೆಂಗಸರು ಒಪ್ಪುವುದು ಕಷ್ಟ.

ಕಂಬಗಳು ಬಹುಕಾಲ ನಿಲ್ಲಬೇಕು, ಕರಡಿಗೆಗಳನ್ನು ಇಪ್ಪತ್ತೈದು ವರ್ಷಕ್ಕೊಮ್ಮೆ ಬದಲಾಯಿಸಬೇಕು ಎಂಬುದು ಸಂಕಲ್ಪ. ಇಪ್ಪತ್ತೈದು ವರ್ಷಗಳು ಕಳೆದುವು. ಒಂದು ಕರಡಿಗೆಯೂ ಬದಲಾಗಲಿಲ್ಲ. ಕಾರಣಗಳು ಹಲವು. ಕರಡಿಗೆಗಳು ಒಂದರ ಮೇಲೊಂದು ಒತ್ತಾಗಿದ್ದುದರಿಂದ ಕೆಳಗಿನದನ್ನು ತೆಗೆಯಲು ಮೇಲಿನವನ್ನು ಮೊದಲು ಇಳಿಸಬೇಕಾಗಿದ್ದಿತು. ಅಂತಹವು ಕಾರ್ಖಾನೆಗಳಿಂದ ಅಗ್ಗವಾಗಿ ಹೇರಳವಾಗಿ ಬರುವುವೆಂಬ ನಿರೀಕ್ಷೆಯೂ ಕೈಗೂಡಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕರಡಿಗೆಗಳಿಗೆ ಒಡೆಯರು ಬೇರೆಬೇರೆ. ಚೋಮೇಯ ಗುಡಿಸಲಿಗೆ ಒಬ್ಬನೇ ಯಜಮಾನ. ಅವನ ಮನಸ್ಸೇ ನಿರ್ಣಯ. ಈಸೆಯಲ್ಲಿ ಕಾಡನ್ನು ಬೆಳೆಸುವವರಿಂದ ಹಿಡಿದು ಬಡಗಿಗಳವರೆಗೆ ಎಲ್ಲರಿಗೂ ಒಂದೇ ಕಟ್ಟಳೆ, ಒಂದೇ ಶ್ರದ್ಧೆ. ನಕಗಿನ್ನಿನಲ್ಲಿ ಬೋಲ್ಟನ್ನು ಬಿಚ್ಚುವ ಉಪಾಯವನ್ನು ಶಿಲ್ಪಿಯು ಕಂಡುಹಿಡಿದರು. ನೂರಾರು ಜನರನ್ನು ಒಂದೇ ದಿನ ಒಂದೇ ಮನಸ್ಸಿಗೆ ತರುವ ಉಪಾಯವನ್ನು ಯಾರೂ ಕಂಡುಹಿಡಿಯಲಿಲ್ಲ. ಅವರು ಹೋಗಿರಲು ಬಾಲಾಲಯವೂ ಇರಲಿಲ್ಲ.

ಹೀಗಾಗಿ ಛಾವಣಿ ಸೋರಿತು, ಕೊಳವೆಗಳು ತುಕ್ಕು ಹಿಡಿದುವು, ಗೋಡೆಯೊಳಗಿನ ಕಲ್ನಾರು ಭಯಕ್ಕೆ ಕಾರಣವಾಯಿತು. ೨೦೦೭ರಲ್ಲಿ ಒಡೆಯರು ಕಟ್ಟಡವನ್ನು ಕೆಡವಲು ಮತವಿತ್ತರು. ಕರಡಿಗೆಗಳನ್ನಾದರೂ ಬದಲಾಯಿಸಿರೆಂದು ಕೇಳಿಕೊಳ್ಳುತ್ತಿದ್ದ ಕುರೋಕಾವಾ ಅದೇ ವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷದ ಆರ್ಥಿಕ ಮುಗ್ಗಟ್ಟಿನಿಂದ ಕೆಡವುವ ಕೆಲಸವೂ ನಿಂತಿತು. ಆ ಬಿಡುವಿನಲ್ಲಿ ಕೆಲವರು ಒಂದೊಂದೇ ಕರಡಿಗೆಯನ್ನು ಕೊಂಡು, ತೇಪೆ ಹಾಕಿ, ಬಿಸಿನೀರಿಲ್ಲದಿದ್ದರೂ ಅಕ್ಕರೆಯಿಂದ ಅಲ್ಲಿ ಬಾಳಿದರೆಂಬುದು ಮೆಚ್ಚತಕ್ಕ ಸಂಗತಿ.

೨೦೨೨ರ ಏಪ್ರಿಲಿನಲ್ಲಿ ಗೋಪುರವನ್ನು ಕೆಡವತೊಡಗಿದರು. ಅರ್ಧಶತಮಾನದಲ್ಲಿ ಮೊದಲ ಬಾರಿಗೆ ಕರಡಿಗೆಗಳು ಕಂಬವನ್ನು ಬಿಟ್ಟು ಕೆಳಗಿಳಿದುವು. ಅವುಗಳಲ್ಲಿ ಇಪ್ಪತ್ತಮೂರನ್ನು ಉಳಿಸಿಕೊಂಡು, ಕಲ್ನಾರನ್ನು ಕಳೆದು, ದುರಸ್ತಿ ಮಾಡಿದರು. ಕೆಲವು ವಸ್ತುಸಂಗ್ರಹಾಲಯಗಳಿಗೆ ಸೇರಿದುವು. ಒಂದು ಸಮುದ್ರವನ್ನು ದಾಟಿ, ೨೦೨೫ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ನಿಂತಿತು.