ಪಥಿಕನೂ ಪಾಕಶಾಲೆಯೂ

ಬೇಟೆಗೆಂದು ಹೊರಟು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳುಗಳನ್ನಿತ್ತು ಹಸಿವನ್ನು ತಣಿಸಿದಳೆಂದೂ, ಆ ಉಪಕಾರದ ನೆನಪಿಗಾಗಿ ಆ ಎಡೆಗೆ ಬೆಂದಕಾಳೂರೆಂದು ಹೆಸರಾಯಿತೆಂದೂ, ಅದೇ ಸವೆದು ಬೆಂಗಳೂರಾಯಿತೆಂದೂ ಹೇಳುವ ಕಥೆಯು ವಾಚಕರಿಗೆಲ್ಲ ಸುವಿದಿತವಾದುದೇ ಸರಿ. ಇದು ಇತಿಹಾಸದ ಒರೆಗಲ್ಲಿಗೆ ನಿಲ್ಲತಕ್ಕ ಕಥೆಯಲ್ಲ. ಎರಡನೆಯ ವೀರಬಲ್ಲಾಳನು ಪಟ್ಟವೇರಿದುದು ಕ್ರಿ. ಶ. ೧೧೭೩ರಲ್ಲಿ, ಬೆಂಗಳೂರೆಂಬ ಹೆಸರಾದರೋ ಬೇಗೂರಿನಲ್ಲಿರುವ, ಕ್ರಿ. ಶ. ೮೯೦ರ ಸುಮಾರಿನ, ಗಂಗರ ಕಾಲದ ವೀರಗಲ್ಲಿನಲ್ಲಿಯೇ ಕೆತ್ತಲ್ಪಟ್ಟಿದೆ. ಹೆಬ್ಬಾಳದ ಬಳಿ ಕೊಡಿಗೇಹಳ್ಳಿಯ ನೆರೆಯಲ್ಲಿ ಹಳೇ ಬೆಂಗಳೂರೆಂಬ ಗ್ರಾಮವಿತ್ತೆಂದೂ, ಯಲಹಂಕನಾಡ ಪ್ರಭುವಾದ ಕೆಂಪೇಗೌಡನು ೧೫೩೭ರಲ್ಲಿ ಹೊಸ ಪೇಟೆಯನ್ನು ಕಟ್ಟಿಸಿದಾಗ ಆ ಹೆಸರನ್ನೇ ಅದಕ್ಕಿಟ್ಟನೆಂದೂ ಐತಿಹ್ಯವುಂಟು.

ಕಥೆಯು ಸುಳ್ಳಾದರೂ ಅದರಲ್ಲಿ ಒಂದು ವಿಶೇಷವಿದೆ. ಪಥಿಕನೊಬ್ಬನು ದಾರಿಯ ಬದಿಯಲ್ಲಿ ತಾನುಂಡುದಕ್ಕೆ ಬೆಲೆ ಕಟ್ಟಿದ ಕಥೆಯದು. ಕಾಳು ಹದವಾಗಿ ಬೆಂದಿತ್ತೆ, ಉಪ್ಪು ಸಾಕಾಗಿತ್ತೆ ಎಂಬ ಮಾತು ಅಲ್ಲಿ ಬರುವುದಿಲ್ಲ. ಅರಸನು ಕೊಟ್ಟ ಗುಣಾಂಕವು ಒಂದು ಊರಿನ ಹೆಸರು. ಬಿಟ್ಟಿಯಾಗಿ ದೊರೆತ ಅನ್ನವನ್ನು ಪರೀಕ್ಷಿಸುವ ಹಕ್ಕು ಉಂಡವನಿಗಿಲ್ಲವೆಂಬ ಹಳೆಯ ನಂಬಿಕೆಯು ಇಲ್ಲಿ ಅಡಗಿದೆ. ಅನ್ನವನ್ನು ನಿಂದಿಸಕೂಡದೆಂಬುದನ್ನು ತೈತ್ತಿರೀಯೋಪನಿಷತ್ತು ಒಂದು ವ್ರತವನ್ನಾಗಿಯೇ ವಿಧಿಸಿದೆ. ಅರವಟ್ಟಿಗೆಯ ನೀರುಮಜ್ಜಿಗೆ, ಸತ್ರದ ಊಟ, ಮಠದ ಪಂಕ್ತಿ ಇವುಗಳ ವಿಷಯದಲ್ಲಿ ದಾನಿಯ ಕೀರ್ತಿಯನ್ನು ಹಾಡಿದ ಶಾಸನಗಳು ಎಷ್ಟೋ ಇವೆ. ಸಾರು ತೆಳ್ಳಗಿತ್ತೆಂದು ದೂರಿದ ಶಾಸನವನ್ನು ಹುಡುಕುವುದು ವ್ಯರ್ಥ. ಗುಬ್ಬಿ ತೋಟದಪ್ಪನವರ ಧರ್ಮಛತ್ರವು ೧೯೦೩ರಲ್ಲಿ ಬೆಂಗಳೂರಿನ ರೈಲುನಿಲ್ದಾಣದ ಸಮೀಪದಲ್ಲಿ ತೆರೆದಾಗಲೂ ಪಥಿಕರಿಗೆ ಎಡೆಗೊಟ್ಟುದು ಈ ಧರ್ಮದ ಬಲದಿಂದಲೇ.

ಮಾರಾಟದ ಅನ್ನದ ವಿಚಾರವು ಬೇರೆ. ಆಪಸ್ತಂಬ ಧರ್ಮಸೂತ್ರವು ಅಂಗಡಿಯಲ್ಲಿ ಮಾರುವ ಅನ್ನವನ್ನು ಉಣ್ಣಲಾಗದೆಂದು ನಿಷೇಧಿಸಿದೆ. ನಿಷೇಧವಿದ್ದಲ್ಲಿ ಬಳಕೆಯೂ ಇದ್ದೇ ಇರಬೇಕಷ್ಟೆ. ಯಾರೂ ಮಾಡದುದನ್ನು ಯಾವ ಶಾಸ್ತ್ರಕಾರನೂ ಬೇಡವೆನ್ನುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಗರಿಕನ ಕರ್ತವ್ಯಗಳನ್ನು ಹೇಳುವ ಪ್ರಕರಣವನ್ನು ನೋಡಿದರೆ, ಬೇಯಿಸಿದ ಅನ್ನವನ್ನು ಮಾರುವವರೂ ಬೇಯಿಸಿದ ಮಾಂಸವನ್ನು ಮಾರುವವರೂ ಪರಿಚಿತರಾದ ಜನರನ್ನು ಮಾತ್ರ ಇಳಿಸಿಕೊಳ್ಳತಕ್ಕುದೆಂಬ ನಿಯಮವಿದೆ. ಎಂದರೆ ಅಂದಿನ ಹೋಟೆಲಿನವನು ಗಿರಾಕಿಯನ್ನು ಪರೀಕ್ಷಿಸಬೇಕಾಗಿತ್ತೇ ಹೊರತು ಗಿರಾಕಿಯು ಹೋಟೆಲನ್ನಲ್ಲ! ಇನ್ನು ರುಚಿಯ ಪರೀಕ್ಷೆಯು ಅರಮನೆಯ ಸೊತ್ತಾಗಿತ್ತು. ಚಾವುಂಡರಾಯನ ಲೋಕೋಪಕಾರ (ಕ್ರಿ. ಶ. ೧೦೨೫), ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ, ಮೂರನೆಯ ಮಂಗರಸನ ಸೂಪಶಾಸ್ತ್ರ ಇವುಗಳಲ್ಲಿ ಅಡಿಗೆಯ ಮರ್ಮಗಳು ಬೇಕಾದಷ್ಟಿವೆ, ದಾರಿಹೋಕನ ನಾಲಗೆಗೆ ಅಲ್ಲಿ ಸ್ಥಾನವಿಲ್ಲ.

ಆ ಸ್ಥಾನವು ದೊರೆತುದು ರಸ್ತೆಗಳಲ್ಲಿ. ಬೆಂಗಳೂರಿನ ಬಡಗಣ ದಿಕ್ಕು ಇದಕ್ಕೆ ಒಳ್ಳೆಯ ನಿದರ್ಶನ. ಬಳ್ಳಾರಿಯ ರಸ್ತೆಯು ಹೆಬ್ಬಾಳದ ಕೆರೆಯನ್ನು ಬಳಸಿ ಯಲಹಂಕದ ಮೇಲೆ ದೇವನಹಳ್ಳಿಗೆ ಸಾಗುತ್ತದೆ. ತುಮಕೂರಿನ ರಸ್ತೆಯು ಯಶವಂತಪುರವನ್ನು ಹಾದುಹೋಗುತ್ತದೆ. ಹೆಬ್ಬಾಳವನ್ನು ಹೊಸ ಬಡಾವಣೆಯೆಂದು ತಿಳಿಯುವವರು ಅಲ್ಲಿ ೨೦೧೮ರಲ್ಲಿ ದೊರೆತ ಕಿತ್ತಯ್ಯನ ವೀರಗಲ್ಲನ್ನು ನೆನೆಯಬೇಕು. ಶ್ರೀಪುರುಷನ ಕಾಲದ, ಕ್ರಿ. ಶ. ೭೫೦ರ ಸುಮಾರಿನ ಆ ಕಲ್ಲಿನಲ್ಲಿ ಈ ಪ್ರಾಂತಕ್ಕೆ ಪೆರ್ಬೊಳಲ್ ನಾಡೆಂದು ಹೆಸರು. ಹಿರಿಯ ಪೊಳಲು, ಎಂದರೆ ದೊಡ್ಡ ಊರು, ಎಂದರ್ಥ. ರೈಲು ಬಂದ ಮೇಲೆ ಯಲಹಂಕ ಯಶವಂತಪುರಗಳೆರಡೂ ಜಂಕ್ಷನ್‌ಗಳಾದುವು. ಮುಂದೆ ಯಶವಂತಪುರದಲ್ಲಿ ಕೃಷಿ ಉತ್ಪನ್ನಗಳ ದೊಡ್ಡ ಮಾರುಕಟ್ಟೆಯು ನೆಲೆಗೊಂಡು, ಲಾರಿಯವರೂ ಹಮಾಲರೂ ಹಳ್ಳಿಯಿಂದ ಮಾಲು ತಂದ ರೈತರೂ ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವ ಸ್ಥಳವಾಯಿತು. ಅವರಿಗೆ ಬೇಕಾದುದು ಮುದ್ದೆ, ಸೊಪ್ಪಿನ ಸಾರು ಅಥವಾ ಮಾಂಸದ ಸಾರು. ಮಿಲಿಟರಿ ಹೋಟೆಲುಗಳೆಂಬ ಸಂಸ್ಥೆಗಳು ಅದನ್ನು ಒದಗಿಸಿದುವು.

ಅಂದಿನ ಪಥಿಕನು ಹೋಟೆಲಿನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮೊದಲನೆಯ ಪ್ರಶ್ನೆಯು ರುಚಿಯನ್ನು ಕುರಿತುದಲ್ಲ, ಬೆಲೆಯನ್ನು ಕುರಿತುದೂ ಅಲ್ಲ. ಬೇಯಿಸಿದ ಕೈ ಯಾವುದೆಂಬುದು. ಬ್ರಾಹ್ಮಣರ ಹೋಟೆಲೆಂದು ಹಲಗೆಯ ಮೇಲೆ ಬರೆದಿದ್ದರೆ ಅದೇ ಅಂದಿನ ಪ್ರಶಸ್ತಿಪತ್ರ. ಒಳಗೆ ಕೆಲವರಿಗೆ ಬೇರೆ ಕೋಣೆ, ಕೆಲವರಿಗೆ ಹೊರಗಿನ ಜಗಲಿ, ಮತ್ತೆ ಕೆಲವರಿಗೆ ಬೇರೆಯ ಲೋಟ. ಇನ್ನು ಕೆಲವರಿಗೆ ಬಾಗಿಲೇ ಇರಲಿಲ್ಲ. ಕಾಸು ಕೊಟ್ಟವನೂ ಪರೀಕ್ಷಕನಾಗಲಾರದೆ, ತಾನೇ ಪರೀಕ್ಷೆಗೊಳಗಾಗಿ ಹೊರಗೆ ನಿಲ್ಲುತ್ತಿದ್ದ ಈ ಸಂಗತಿಯನ್ನು ಹಳೆಯ ಹೋಟೆಲುಗಳ ತುಪ್ಪದ ಘಮಲನ್ನು ಹೊಗಳುವವರು ಬಹುಮಟ್ಟಿಗೆ ಮರೆತುಬಿಡುವರು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿಯು ಅಂಗಡಿಗಳ ಜೊತೆಗೆ ಸಾರ್ವಜನಿಕ ಭೋಜನಶಾಲೆಗಳನ್ನೂ ಹೋಟೆಲುಗಳನ್ನೂ ಹೆಸರಿಸಿ, ಜಾತಿ ಮತಗಳ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಕೂಡದೆಂದು ವಿಧಿಸಿತು. ದೇಶದ ಮೂಲಶಾಸನವೊಂದು ದೋಸೆಯ ಅಂಗಡಿಯ ಬಾಗಿಲವರೆಗೂ ಬರಬೇಕಾಯಿತೆಂಬುದನ್ನು ನೆನೆದರೆ ಆ ಬಾಗಿಲು ಎಷ್ಟು ಗಟ್ಟಿಯಾಗಿದ್ದಿತೆಂಬುದು ಹೊಳೆಯುತ್ತದೆ.

ಶಾಸನವು ಬಾಗಿಲನ್ನು ತೆರೆಯಿತು. ಒಳಗಿನ ಕೋಣೆಗಳನ್ನು ಇಲ್ಲದಂತೆ ಮಾಡಿದುದರಲ್ಲಿ ದರ್ಶಿನಿಗಳ ಪಾಲೂ ಇದೆ. ೧೯೮೩ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರರು ಆರಂಭಿಸಿದ ಈ ಪದ್ಧತಿಯು, ಪರದೇಶದ ಶೀಘ್ರಭೋಜನಶಾಲೆಗಳನ್ನು ನೋಡಿ ಬಂದು ಹೂಡಿದುದೆಂದು ಹೇಳುವರು. ಕೂರಲು ಕುರ್ಚಿಯಿಲ್ಲ, ಮೊದಲು ಹಣ, ಬಳಿಕ ಚೀಟಿ, ಅನಂತರ ಇಡ್ಲಿ. ಅಡಿಗೆಯು ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ಎಲ್ಲರೂ ನಿಂತೇ ಉಣ್ಣುವಲ್ಲಿ ಯಾರ ಪಂಕ್ತಿ ಯಾವುದು?

ಪಶ್ಚಿಮ ದೇಶಗಳಲ್ಲಿಯೂ ಈ ಪರೀಕ್ಷೆಯ ಶಾಸ್ತ್ರವು ಹುಟ್ಟಿದುದು ರಸ್ತೆಯಲ್ಲಿಯೇ. ಫ್ರಾನ್ಸಿನಲ್ಲಿ ಮೋಟಾರು ಗಾಡಿಗಳ ರಬ್ಬರು ಚಕ್ರಗಳನ್ನು ಮಾಡುವ ಮಿಶೆಲಿನ್ ಸಹೋದರರು ೧೯೦೦ರಲ್ಲಿ ಸವಾರರಿಗಾಗಿ ಒಂದು ಕೈಪಿಡಿಯನ್ನು ಬಿಟ್ಟಿಯಾಗಿ ಹಂಚಿದರು. ಗಾಡಿಯ ದುರಸ್ತಿಯ ಅಂಗಡಿಯೊಂದರಲ್ಲಿ ಆ ಪುಸ್ತಕವನ್ನು ಕೆಲಸದ ಮೇಜಿನ ಕಾಲಿಗೆ ಒತ್ತಾಗಿ ಇಟ್ಟಿದ್ದುದನ್ನು ಕಂಡು, ೧೯೨೦ರಿಂದ ಅದಕ್ಕೆ ಬೆಲೆಯಿಟ್ಟರೆಂದು ಕಥೆಯಿದೆ. ೧೯೨೬ರಲ್ಲಿ ಒಳ್ಳೆಯ ಭೋಜನಶಾಲೆಗಳ ಹೆಸರಿನೊಡನೆ ನಕ್ಷತ್ರವನ್ನು ಮುದ್ರಿಸಿದರು. ಎರಡು ನಕ್ಷತ್ರವೆಂದರೆ ದಾರಿಯನ್ನು ಸ್ವಲ್ಪ ಬಳಸಿಯಾದರೂ ಹೋಗತಕ್ಕುದೆಂದೂ, ಮೂರು ನಕ್ಷತ್ರವೆಂದರೆ ಅದಕ್ಕಾಗಿಯೇ ಪ್ರಯಾಣ ಹೊರಡಬಹುದೆಂದೂ ಅರ್ಥ. ಇಂದು ಕೈಯಲ್ಲಿನ ಫೋನಿನ ಮೇಲೆ ಐದೈದು ನಕ್ಷತ್ರಗಳನ್ನು ಅಳುಕಿಲ್ಲದೆ ಚೆಲ್ಲುವವರು ಈ ಜಿಪುಣತನವನ್ನು ಮೆಚ್ಚಲಾರರು.

ಅಮೆರಿಕದಲ್ಲಿ ಡಂಕನ್ ಹೈನ್ಸ್ ಎಂಬಾತನು ಮುದ್ರಣದ ವ್ಯಾಪಾರಕ್ಕಾಗಿ ಊರೂರು ತಿರುಗುತ್ತ, ತಾನುಂಡ ಒಳ್ಳೆಯ ಸ್ಥಳಗಳ ಪಟ್ಟಿಯನ್ನು ೧೯೩೫ರಲ್ಲಿ ಮಿತ್ರರಿಗೆ ಕಳುಹಿದನು. ಮರುವರ್ಷ ಅದು ಪುಸ್ತಕವಾಯಿತು. ರುಚಿಗೆ ಕೊಟ್ಟಷ್ಟೇ ಮನ್ನಣೆಯನ್ನು ಅಡಿಗೆಮನೆಯ ಶುಚಿಗೂ ಆತನು ಕೊಡುತ್ತಿದ್ದನು. ಕೆಂಟಕಿ ಸಂಸ್ಥಾನದ ಕಾರ್ಬಿನ್ ಎಂಬ ಊರಿನಲ್ಲಿ ಪೆಟ್ರೋಲಿನ ಅಂಗಡಿಯಿಟ್ಟುಕೊಂಡು, ಬಂದ ಪಥಿಕರಿಗೆ ಊಟವನ್ನೂ ಬಡಿಸುತ್ತಿದ್ದ ಹಾರ್ಲಂಡ್ ಸ್ಯಾಂಡರ್ಸನ ಹೋಟೆಲನ್ನು ಆತನು ೧೯೩೯ರಲ್ಲಿ ತನ್ನ ಪುಸ್ತಕಕ್ಕೆ ಸೇರಿಸಿಕೊಂಡನು. ದಾರಿಯ ಬದಿಯ ಆ ಹೋಟೆಲು ಹೆಸರುವಾಸಿಯಾಯಿತು. ಮುಂದೆ ಹೊಸ ಹೆದ್ದಾರಿಯು ಕಾರ್ಬಿನ್ ಊರನ್ನು ಪಕ್ಕಕ್ಕೆ ಬಿಟ್ಟು ಹೋಗುವಂತಾಗಲು, ಸ್ಯಾಂಡರ್ಸನು ೧೯೫೬ರಲ್ಲಿ ಹೋಟೆಲನ್ನು ಹರಾಜಿಗಿಟ್ಟು, ಅರುವತ್ತೈದು ತುಂಬಿದ ವಯಸ್ಸಿನಲ್ಲಿ ಕೋಳಿಯನ್ನು ಕರಿಯುವ ತನ್ನ ವಿಧಾನವನ್ನೇ ಊರೂರಿನ ಹೋಟೆಲಿನವರಿಗೆ ಮಾರುತ್ತ ಹೊರಟನು.

ಆ ಹೆಸರಿನ ಅಂಗಡಿಯೇ ೧೯೯೫ರ ಜೂನಿನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದಿತು. ಅದೇ ಸೆಪ್ಟೆಂಬರಿನಲ್ಲಿ ಮಹಾನಗರಪಾಲಿಕೆಯು, ಅದರ ಆಹಾರದಲ್ಲಿ ಮಾನೋಸೋಡಿಯಂ ಗ್ಲುಟಮೇಟ್ ಎಂಬ ರುಚಿವರ್ಧಕವು ಮಿತಿಮೀರಿದೆಯೆಂದು ಆರೋಪಿಸಿ ಪರವಾನಗಿಯನ್ನು ರದ್ದುಮಾಡಲು, ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ತಡೆಹಿಡಿಯಿತು. ೧೯೯೬ರ ಜನವರಿ ೩೦ರಂದು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ಮುಂದಾಳುತನದ ರಾಜ್ಯ ರೈತಸಂಘದವರು ಅಂಗಡಿಗೆ ನುಗ್ಗಿ ಸಾಮಾನುಗಳನ್ನು ಒಡೆದರು. ವಿದೇಶೀ ಬಂಡವಾಳ, ರೈತನ ಬೀಜ, ಕೋಳಿಗೆ ಹಾಕುವ ಧಾನ್ಯ ಇವೆಲ್ಲವೂ ಆ ವಿವಾದದಲ್ಲಿದ್ದುವು. ಗಾಜನ್ನು ಒಡೆಯುವುದು ವಾದವಾಗಲಾರದು. ಆದರೆ ರೈತಸಂಘವು ಎತ್ತಿದ ಪ್ರಶ್ನೆಯು, ಎಂದರೆ ತಟ್ಟೆಯಲ್ಲಿರುವುದು ಯಾರ ಹೊಲದಿಂದ ಬಂದುದೆಂಬುದು, ಗಾಜಿನೊಡನೆ ಒಡೆದುಹೋಗುವಂಥದೂ ಅಲ್ಲ.

ಬರ್ಗರೆಂಬ ಪದದ ನಿರುಕ್ತಿಯು ಬೆಂದಕಾಳೂರಿನದಕ್ಕೆ ತಕ್ಕ ಜೊತೆ. ಜರ್ಮನಿಯ ಹಾಂಬುರ್ಗ್ ನಗರದಿಂದ ಬಂದುದು ಹ್ಯಾಂಬರ್ಗರ್. ಬುರ್ಗ್ ಎಂದರೆ ಕೋಟೆ. ಇಂಗ್ಲಿಷಿನಲ್ಲಿ ಹ್ಯಾಮ್ ಎಂದರೆ ಹಂದಿಯ ಮಾಂಸವಾದುದರಿಂದ ಜನರು ಪದವನ್ನು ತಪ್ಪಾಗಿ ಮುರಿದು, ಉಳಿದ ತುಂಡನ್ನೇ ತಿಂಡಿಯ ಹೆಸರಾಗಿಸಿದರು. ಬೆಂಗಳೂರಿಗೆ ಈ ತಿಂಡಿಯು ಬಂದಾಗ ಬನ್ನೇನೂ ಹೊಸದಾಗಿರಲಿಲ್ಲ. ಹಾಸನದ ಕಡೆಯ ಅಯ್ಯಂಗಾರರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಚಿಕ್ಕಪೇಟೆಯಲ್ಲಿ ಬೇಕರಿ ಹೂಡಿದ್ದರು. ಬೆಣ್ಣೆಬನ್ನು, ಖಾರಾಬನ್ನು, ಆಲೂಬನ್ನುಗಳನ್ನು ಉಂಡು ಬೆಳೆದ ಊರಿದು. ಹುರಿದ ಆಲೂಗೆಡ್ಡೆಯ ವಿಷಯವೂ ಅಂತೆಯೇ. ಪೋರ್ಚುಗೀಸರೊಡನೆ ಬಂದ ಗೆಡ್ಡೆಯಿದೆಂಬುದಕ್ಕೆ ಕರಾವಳಿಯವರ ಬಟಾಟೆಯೆಂಬ ಮಾತೇ ಸಾಕ್ಷಿ. ಅದು ಈಗ ಚಿಕ್ಕಬಳ್ಳಾಪುರ ಕೋಲಾರಗಳ ಹೊಲಗಳಲ್ಲಿ ನಮ್ಮದೇ ಆಗಿಹೋಗಿದೆ. ಆದರೂ ದೊಡ್ಡ ಕಂಪನಿಗಳ ಬೆರಳುದ್ದದ ತುಂಡುಗಳು ಇಲ್ಲಿಯ ಗೆಡ್ಡೆಯಿಂದಾದುವಲ್ಲ. ನೀರಿನಂಶ ಕಡಿಮೆಯಿದ್ದು ಹಿಟ್ಟು ಹೆಚ್ಚಾಗಿರುವ ಉದ್ದನೆಯ ತಳಿಗಳನ್ನು ಗುಜರಾತಿನಲ್ಲಿ ಬೆಳೆಸಿ, ಮೆಹಸಾಣಾದಲ್ಲಿ ಹೆಪ್ಪುಗಟ್ಟಿಸಿ ಕಳುಹುವ ಏರ್ಪಾಟುಂಟು. ಕೋಲಾರದ ಗೆಡ್ಡೆಯನ್ನು ಬೆಂಗಳೂರಿನಲ್ಲಿ ಹುಡುಕಬೇಕಾದರೆ ಬೋಂಡದ ಬಾಣಲೆಯ ಹತ್ತಿರವೇ ನಿಲ್ಲಬೇಕು.

ರವೀಂದ್ರನಾಥ ಠಾಗೂರರ ಹೆಸರನ್ನು ಹೊತ್ತ ಆರ್. ಟಿ. ನಗರದ ಬೀದಿಗಳಲ್ಲಿ ಸಂಜೆಯಾಗುತ್ತಲೆ ತಳ್ಳುಗಾಡಿಗಳ ಮೇಲೆಯೂ ಈ ತಿಂಡಿಗಳು ಸಿದ್ಧವಾಗುತ್ತವೆ. ಇವುಗಳ ಪರೀಕ್ಷೆಯು ಕಷ್ಟವಾದುದಲ್ಲ. ಬನ್ನನ್ನು ಸೀಳಿ ಕಾವಲಿಯ ಮೇಲೆ ಬಾಡಿಸಿರಬೇಕು. ಇಲ್ಲವಾದರೆ ಸೊಪ್ಪು ಟೊಮೇಟೊಗಳ ನೀರನ್ನು ಹೀರಿ ಅದು ಕೈಯಲ್ಲಿಯೇ ಮುದ್ದೆಯಾಗುವುದು. ನಡುವಣ ಆಲೂಬಿಲ್ಲೆಯು ಬನ್ನಿನಷ್ಟೇ ಅಗಲವಾಗಿರಬೇಕು. ಕೊನೆಯ ತುತ್ತು ಬರಿಯ ಬನ್ನಾದರೆ ಅಂಗಡಿಯವನು ಲೆಕ್ಕದಲ್ಲಿ ಗಟ್ಟಿಗನೆಂದು ತಿಳಿಯತಕ್ಕುದು. ಸೀಳಿದ ಆಲೂಗೆಡ್ಡೆಯನ್ನು ಎರಡು ಸಲ ಕರಿಯಬೇಕು: ಮೊದಲು ಹದವಾದ ಕಾವಿನಲ್ಲಿ ಒಳಗು ಬೇಯುವಂತೆ, ಬಳಿಕ ಹೆಚ್ಚು ಕಾವಿನಲ್ಲಿ ಹೊರಗು ಗರಿಯಾಗುವಂತೆ. ತಟ್ಟೆಗೆ ಬಂದ ಕೆಲವು ನಿಮಿಷಗಳಲ್ಲಿ ಒಳಗಿನ ತೇವವು ಹೊರಗೆ ಬಂದು ಗರಿತನವು ಇಳಿದುಹೋಗುವುದರಿಂದ, ಮಾತನಾಡುತ್ತ ಕುಳಿತವನು ಅಂಗಡಿಯವನನ್ನು ದೂರುವುದು ನ್ಯಾಯವಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನೋಡತಕ್ಕುದು ಎಣ್ಣೆಯನ್ನು. ಮತ್ತೆಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಡುವ ಅಂಶಗಳು ನೂರಕ್ಕೆ ೨೫ನ್ನು ಮೀರಕೂಡದೆಂಬ ನಿಯಮವು ದೇಶದಲ್ಲಿ ೨೦೧೮ರ ಜುಲೈಯಿಂದ ಜಾರಿಗೆ ಬಂದಿತು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಗೋಬಿಮಂಚೂರಿ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ೨೦೨೫ರಲ್ಲಿ ಇಡ್ಲಿಯ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದನ್ನು ತಡೆಯಿತು. ವಡ್ಡಾರಾಧನೆಯ ಕಾಲದಿಂದ ಹೆಸರಿರುವ ಇಡ್ಡಲಿಗೆಗೆ ಇಂಥ ದುರ್ಗತಿ ಬಂದುದು ವ್ಯಸನಕರವೇ. ಆದರೂ ಈಗಿನ ಪರೀಕ್ಷಕನು ಕೇಳುವುದು ಎಣ್ಣೆ ಯಾವುದು, ಬಣ್ಣ ಯಾವುದು, ಹಾಳೆ ಯಾವುದೆಂದು. ಕೈ ಯಾವುದೆಂದು ಕಾನೂನು ಕೇಳುವುದಿಲ್ಲ, ತಳ್ಳುಗಾಡಿಯ ಮುಂದೆ ನಿಂತ ಹುಡುಗರೂ ಕೇಳುವುದಿಲ್ಲ. ಇಷ್ಟು ಬದಲಾವಣೆಗೆ ಒಂದು ಶತಮಾನವೂ ಹಿಡಿಯಲಿಲ್ಲ.

ಯಲಹಂಕದ ಹೋಟೆಲುಗಳಿಗೆ ಮತ್ತೊಬ್ಬ ವಿಚಿತ್ರ ಪರೀಕ್ಷಕನೂ ಉಂಟು. ೧೯೯೬ರಿಂದ ಅಲ್ಲಿಯ ವಾಯುನೆಲೆಯಲ್ಲಿ ನಡೆಯುತ್ತಿರುವ ವಿಮಾನಪ್ರದರ್ಶನದ ಕಾಲದಲ್ಲಿ, ಮಾಂಸದ ತುಣುಕುಗಳಿಗೆ ಹದ್ದುಗಳು ಎರಗಿ ವಿಮಾನಗಳಿಗೆ ಅಪಾಯವಾದೀತೆಂದು, ೨೦೨೩ರಲ್ಲಿ ೧೦ ಕಿಲೋಮೀಟರು, ೨೦೨೫ರಲ್ಲಿ ೧೩ ಕಿಲೋಮೀಟರು ಸುತ್ತಳತೆಯೊಳಗೆ ಮಾಂಸದ ಅಂಗಡಿಗಳನ್ನು ಮುಚ್ಚಿಸಿ ಮಾಂಸಾಹಾರವನ್ನು ಬಡಿಸದಂತೆ ಪಾಲಿಕೆಯು ಆಜ್ಞೆ ಮಾಡಿತು. ಮಿಲಿಟರಿ ಹೋಟೆಲು ಮಿಲಿಟರಿಯ ನೆರೆಯಲ್ಲಿಯೇ ಬಾಗಿಲು ಹಾಕಿತು.

ಇವೆಲ್ಲಕ್ಕಿಂತ ದೊಡ್ಡ ಆಪತ್ತು ರಸ್ತೆಯೇ. ೨೦೦೮ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದ ಮೇಲೆ ಬಳ್ಳಾರಿಯ ರಸ್ತೆಯಲ್ಲಿ ಸಂಚಾರವು ಬೆಳೆಯಿತು. ೨೦೧೪ರ ಹೊತ್ತಿಗೆ ಹೆಬ್ಬಾಳದಿಂದ ಯಲಹಂಕದ ಕಡೆಗೆ ಕಂಬಗಳ ಮೇಲೆ ಎತ್ತರದ ಹೆದ್ದಾರಿಯಾಯಿತು. ಕಾರ್ಬಿನ್ನಿನಲ್ಲಿ ಹೊಸ ರಸ್ತೆಯು ಊರನ್ನು ಬದಿಗೆ ಬಿಟ್ಟಿತು. ಇಲ್ಲಿ ತಲೆಯ ಮೇಲೆಯೇ ಹಾದುಹೋಯಿತು. ವಿಮಾನಕ್ಕೆ ಹೊತ್ತಾದ ಪಥಿಕನು ನಿಲ್ಲದೆ ಹೋಗುವನು. ಕಂಬಗಳ ನಡುವಣ ಕೆಳರಸ್ತೆಯಲ್ಲಿ, ಕೊಡಿಗೇಹಳ್ಳಿಯ ತಿರುವಿನ ಆಚೀಚೆ, ಮುದ್ದೆಯ ಹೋಟೆಲುಗಳೂ ಬೇಕರಿಗಳೂ ಬರ್ಗರಿನ ಗಾಡಿಗಳೂ ಆಟೋದವರನ್ನೂ ಕಾಲೇಜಿನ ಹುಡುಗರನ್ನೂ ನೆಚ್ಚಿಕೊಂಡು ಒಲೆ ಹಚ್ಚುತ್ತಿವೆ. ಮೇಲಿನಿಂದ ನೋಡುವವರಿಗೆ ಅವುಗಳ ಹಲಗೆಗಳು ಕಾಣುವುದಿಲ್ಲ.